ಇನ್ಯೂಟ್ ಚಿತ್ರಗಳಲ್ಲಿ ಮೀನುಗಾರಿಕೆ: ಹಿಮನಾಡಿನ ಬದುಕು ಕಾಗದಕ್ಕೆ ಇಳಿದದ್ದು ಹೇಗೆ?

ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು. ನೀರಿಗಿಳಿದು ನಿಂತ ಜನ, ಅವರ ಕೈಯಲ್ಲಿ ಉದ್ದನೆಯ ಈಟಿ, ದಡದಲ್ಲಿ ಒಣಗಲು ತೂಗುಹಾಕಿದ ಮೀನು. ಕೆನಡಾದ ಆರ್ಕ್ಟಿಕ್ ಪ್ರದೇಶದ ಇನ್ಯೂಟ್ ಕಲಾವಿದರು ಬಿಡಿಸಿದ ಇಂಥ ಚಿತ್ರಗಳು ನೋಡಲು ಸರಳ. ಆದರೆ ಒಂದು ಇಡೀ ಬದುಕಿನ ಕ್ರಮ ಅದರಲ್ಲಿ ಅಡಗಿದೆ.

ಚಿತ್ರ ಹೇಳುವುದೇನು?

ಇನ್ಯೂಟ್ ಜನರ ಮುಖ್ಯ ಮೀನು ಆರ್ಕ್ಟಿಕ್ ಚಾರ್. ಬೇಸಿಗೆಯಲ್ಲಿ ಸಮುದ್ರಕ್ಕೆ ಹೋಗುವ ಈ ಮೀನು, ಚಳಿಗಾಲ ಕಳೆಯಲು ಹೊಳೆಯ ಮೂಲಕ ಸರೋವರಕ್ಕೆ ಮರಳುತ್ತದೆ. ಆ ಹೊತ್ತಿಗೆ ಸರಿಯಾಗಿ ಹೊಳೆಗೆ ಕಲ್ಲಿನ ಒಡ್ಡು ಕಟ್ಟುತ್ತಿದ್ದರು. ಇದರ ಹೆಸರು 'ಸಪುತಿ'. ಒಡ್ಡಿನೊಳಗೆ ಸಿಕ್ಕಿಬಿದ್ದ ಮೀನನ್ನು 'ಕಕಿವಾಕ್' ಎಂಬ ಮೂರು ಮೊನೆಯ ಈಟಿಯಿಂದ ಹಿಡಿಯುತ್ತಿದ್ದರು. ನಡುವಿನ ಮೊನೆ ಮೀನಿಗೆ ಚುಚ್ಚಿದರೆ, ಅಕ್ಕಪಕ್ಕದ ಎರಡು ಕೊಕ್ಕೆಗಳು ಅದು ಜಾರದಂತೆ ಹಿಡಿಯುತ್ತವೆ. ಚಳಿಗಾಲದಲ್ಲಾದರೆ ಮಂಜುಗಡ್ಡೆಗೆ ತೂತು ಕೊರೆದು, ಮೂಳೆ ಅಥವಾ ದಂತದ ಪುಟ್ಟ ಗಾಳವನ್ನು ಆಡಿಸುತ್ತಾ ಕಾಯಬೇಕಿತ್ತು. ಮೀನು ಸೀಳಲು ಹೆಂಗಸರ ಕೈಯಲ್ಲಿ 'ಉಲು' ಎಂಬ ಅರ್ಧಚಂದ್ರಾಕಾರದ ಚಾಕು ಇರುತ್ತಿತ್ತು.

ಬಿಡಿಸಿದವರು ಯಾರು?

ಬ್ಯಾಫಿನ್ ದ್ವೀಪದ ದಕ್ಷಿಣ ಅಂಚಿನ ಕಿಂಗೈಟ್ (ಹಿಂದಿನ ಹೆಸರು ಕೇಪ್ ಡಾರ್ಸೆಟ್) ಈ ಕಲೆಯ ದೊಡ್ಡ ಕೇಂದ್ರ. 1950ರ ದಶಕದ ಕೊನೆಯಲ್ಲಿ ಇಲ್ಲಿ ಮುದ್ರಣ ಕಲೆ ಶುರುವಾಯಿತು. ಸ್ಥಳೀಯರದ್ದೇ ಆದ ಸಹಕಾರ ಸಂಘ ಪೆನ್ಸಿಲ್, ಕಾಗದ ಕೊಟ್ಟು, ಬಿಡಿಸಿದ ಚಿತ್ರಗಳನ್ನು ಹಣ ಕೊಟ್ಟು ಕೊಂಡುಕೊಳ್ಳುತ್ತಿತ್ತು. ಆಯ್ದ ಕೆಲವು ಚಿತ್ರಗಳನ್ನು ಕಲ್ಲಿನಲ್ಲಿ ಕೆತ್ತಿ, ಸಾಮಾನ್ಯವಾಗಿ 50 ಪ್ರತಿ ಅಚ್ಚು ಹಾಕಿ ಮಾರಲಾಗುತ್ತಿತ್ತು.

ಪಿಟ್ಸಿಯೊಲಾಕ್ ಅಶೂನಾ ಈ ಪೈಕಿ ಪ್ರಮುಖರು. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕುವ ಹೊಣೆ ಹೊತ್ತಿದ್ದ ಅವರು ಚಿತ್ರ ಬಿಡಿಸಲು ಕುಳಿತದ್ದು ಸಂಪಾದನೆಗಾಗಿ, ಐವತ್ತು ದಾಟಿದ ಮೇಲೆ. 1983ರಲ್ಲಿ ನಿಧನರಾಗುವ ಹೊತ್ತಿಗೆ 7,000ಕ್ಕೂ ಹೆಚ್ಚು ಚಿತ್ರ ಬಿಡಿಸಿದ್ದರು. ಡೇರೆ, ನಾಯಿಬಂಡಿ, ಮೀನು ಹಿಡಿಯುವುದು, ಊರಿಂದೂರಿಗೆ ಸಾಗುವುದು, ಹೀಗೆ ತಾವು ಬಾಳಿದ ಹಳೆಯ ದಿನಗಳೇ ಅವರ ವಸ್ತು.

ಏಕೆ ಮುಖ್ಯ?

ಈ ಚಿತ್ರಗಳು ಮೂಡಿದ ಕಾಲವನ್ನು ಗಮನಿಸಬೇಕು. 1950-60ರ ದಶಕಗಳಲ್ಲೇ ಇನ್ಯೂಟ್ ಕುಟುಂಬಗಳು ಅಲೆಮಾರಿ ಬಿಡಾರ ಬಿಟ್ಟು ಕಾಯಂ ಊರುಗಳಿಗೆ ಬಂದವು. ಮಕ್ಕಳು ಶಾಲೆಗೆ ಸೇರಿದರು, ನಾಯಿಬಂಡಿಯ ಜಾಗಕ್ಕೆ ಸ್ನೋಮೊಬೈಲ್ ಬಂತು. ಚಾರ್ ಮೀನು ಇಂದಿಗೂ ಅಲ್ಲಿನ ಊಟದಲ್ಲಿದೆ. ಆದರೆ ಇಡೀ ಬಿಡಾರ ಸೇರಿ ಒಡ್ಡು ಕಟ್ಟುವ ಬದುಕು ದೂರವಾಯಿತು. ಅದನ್ನು ಬಾಳಿ ಕಂಡವರೇ ಕಾಗದಕ್ಕೆ ಇಳಿಸಿದರು. ಹೊರಗಿನವರಿಗೆ ಮಾರಲೆಂದು ಬಿಡಿಸಿದ ಚಿತ್ರಗಳು ಈಗ ಅವರ ಮೊಮ್ಮಕ್ಕಳಿಗೇ ಪಾಠವಾಗಿವೆ.

ಅಚ್ಚಾಗದೆ ಉಳಿದವೂ ಸೇರಿ ಸಂಘದ ಸಾವಿರಾರು ಮೂಲಚಿತ್ರಗಳನ್ನು ಟೊರಾಂಟೊ ಸಮೀಪದ ಮ್ಯಾಕ್‌ಮೈಕೆಲ್ ಕಲಾ ಸಂಗ್ರಹಾಲಯದಲ್ಲಿ ಕಾಪಿಡಲಾಗಿದೆ. ಅದು ಕಿಂಗೈಟ್‌ನಿಂದ 2,000 ಕಿ.ಮೀ.ಗೂ ಹೆಚ್ಚು ದೂರ. ಸಂಗ್ರಹವನ್ನು ಡಿಜಿಟಲ್ ರೂಪಕ್ಕೆ ತಂದಿರುವುದರಿಂದ, ಅಜ್ಜಿ ಬಿಡಿಸಿದ ಹೊಳೆಯನ್ನು ಮೊಮ್ಮಕ್ಕಳು ತಮ್ಮೂರಿನಲ್ಲೇ ಕುಳಿತು ನೋಡಬಹುದು.