ಮುದ್ದೆಯ ನಾರು, ವಡೆಯ ಎಣ್ಣೆ ಮತ್ತು ಕೊಲೆಸ್ಟರಾಲ್

ಮಂಡ್ಯದ ರಾಗಿ ಮುದ್ದೆ, ಮದ್ದೂರಿನ ವಡೆ, ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಮಾಂಸ. ಈ ಮೂರನ್ನು ಬಿಟ್ಟು ಜಿಲ್ಲೆಯ ಊಟದ ಮಾತು ಮುಗಿಯುವುದಿಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲ್ ಹೆಚ್ಚೆಂದು ಕಂಡ ದಿನ ಮುದ್ದೆಗೆ ಔಷಧದ ಪಟ್ಟ, ಉಳಿದೆರಡಕ್ಕೆ ಬಹಿಷ್ಕಾರ. ಈ ತೀರ್ಪು ಪೂರ್ತಿ ತಪ್ಪಲ್ಲ. ಆದರೆ ಅದಕ್ಕೆ ನಾವು ಕೊಡುವ ಕಾರಣಗಳು ಬಹುಪಾಲು ತಪ್ಪು.

ಕೊಲೆಸ್ಟರಾಲ್ ಪ್ರಾಣಿದೇಹ ತಾನೇ ತಯಾರಿಸಿಕೊಳ್ಳುವ ವಸ್ತು. ಜೀವಕೋಶದ ಪೊರೆಗೆ, ಹಲವು ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಸಸ್ಯಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅಡುಗೆ ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ಅಚ್ಚು ಹಾಕುವುದು ಸತ್ಯವೇ ಆದರೂ ಅದರಿಂದ ಗ್ರಾಹಕನಿಗೆ ತಿಳಿಯುವುದು ಏನೂ ಇಲ್ಲ. ಹುಲ್ಲನ್ನಷ್ಟೇ ಮೇಯುವ ಬಂಡೂರು ಕುರಿಯ ದೇಹದಲ್ಲಿಯೂ ಕೊಲೆಸ್ಟರಾಲ್ ಇದೆ. ಮನುಷ್ಯನ ಕೊಲೆಸ್ಟರಾಲಿನಲ್ಲಿಯೂ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ದೇಹದಲ್ಲೇ ಹುಟ್ಟಿದ್ದು.

ಆಹಾರದ ಕೊಲೆಸ್ಟರಾಲ್ ಬಗೆಗಿನ ಭಯಕ್ಕೆ ಮೂಲ ಒಂದು ಮೊಲ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟರಾಲನ್ನು ಮೊಲಗಳಿಗೆ ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. ಸೊಪ್ಪು ತಿನ್ನುವ ಪ್ರಾಣಿಗೆ ಆ ಹೊರೆಯನ್ನು ಹೊರಹಾಕುವ ಶಕ್ತಿ ಇರಲಿಲ್ಲ. ಇಲಿಗಳಿಗೆ ಅದೇ ಆಹಾರ ಕೊಟ್ಟರೆ ಅಂಥ ಪರಿಣಾಮ ಕಾಣುವುದಿಲ್ಲ; ಹೆಚ್ಚುವರಿಯನ್ನು ಅವುಗಳ ಯಕೃತ್ತು ಬೇಗನೆ ಪಿತ್ತಾಮ್ಲವಾಗಿ ಪರಿವರ್ತಿಸಿಬಿಡುತ್ತದೆ. ಮನುಷ್ಯ ಇವೆರಡರ ನಡುವೆ ಎಲ್ಲೋ ಇದ್ದಾನೆ. ಪ್ರಾಣಿಪ್ರಯೋಗಗಳಿಂದ ದೇಹದ ಕಾರ್ಯವಿಧಾನವನ್ನು ಕಲಿಯಬಹುದು. ಇಲಿಗೆ ಆದಷ್ಟೇ ನಮಗೂ ಆಗುತ್ತದೆಂದು ಲೆಕ್ಕ ಹಾಕಲಾಗದು.

ಆ ಕಾರ್ಯವಿಧಾನ ಸ್ವಾರಸ್ಯಕರವಾಗಿದೆ. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲ ತಯಾರಿಸಿ ಕರುಳಿಗೆ ಬಿಡುತ್ತದೆ. ಕೊಬ್ಬು ಜೀರ್ಣವಾದ ಮೇಲೆ ಅದರ ಬಹುಭಾಗ ರಕ್ತದ ಮೂಲಕ ಯಕೃತ್ತಿಗೆ ಮರಳುತ್ತದೆ, ಮತ್ತೆ ಬಳಕೆಯಾಗುತ್ತದೆ. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಈ ಚಕ್ರಕ್ಕೆ ಅಡ್ಡ ಬರುತ್ತದೆ: ಪಿತ್ತಾಮ್ಲದ ಒಂದಂಶವನ್ನು ಹಿಡಿದು ಮಲದೊಡನೆ ಹೊರಗೆ ಸಾಗಿಸುತ್ತದೆ. ಕೊರತೆ ತುಂಬಲು ಯಕೃತ್ತು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು, ಸೆಳೆದುಕೊಳ್ಳಬೇಕಾಗುತ್ತದೆ. ಹೀಗೆ ಸೆಳೆಯುವ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಇಲ್ಲಿ ಮುದ್ದೆಯ ಅಭಿಮಾನಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂನೊಳಗೆ. ಆದರೆ ರಾಗಿಯ ಆ ನಾರಿನಲ್ಲಿ ಕರಗುವ ಬಗೆಯದು 2 ಗ್ರಾಂ ಕೂಡ ಇಲ್ಲ. ಕರಗದ ನಾರು ಮಲಬದ್ಧತೆಗೆ ಒಳ್ಳೆಯದು, ಕೊಲೆಸ್ಟರಾಲಿನ ಮೇಲೆ ಅದರ ನೇರ ಹಿಡಿತ ಅಲ್ಪ. 2010ರಲ್ಲಿ ಪ್ರಕಟವಾದ ಕೊರಿಯಾದ ಇಲಿ ಪ್ರಯೋಗವೊಂದರಲ್ಲಿಯೂ ನವಣೆ, ಬರಗುಗಳಿಂದ ಇಳಿದದ್ದು ಮುಖ್ಯವಾಗಿ ಟ್ರೈಗ್ಲಿಸರೈಡ್. ಹಾಗಾದರೆ ಹಳೆಯ ಊಟದ ಗುಣ ಎಲ್ಲಿತ್ತು? ಹುರುಳಿ ಸಾರಿನಲ್ಲಿ, ಅವರೆಕಾಳಿನಲ್ಲಿ, ಸೊಪ್ಪು ಕಾಳು ಬಸಿದು ಮಾಡಿದ ಬಸ್ಸಾರಿನಲ್ಲಿ, ಲೋಳೆ ಬಿಡುವ ಮೆಂತ್ಯದಲ್ಲಿ. ಮುದ್ದೆಯನ್ನು ಉಳಿಸಿಕೊಂಡು ಕಾಳನ್ನು ಕಡಿಮೆ ಮಾಡಿದ ಮನೆಗಳು ಈ ಲಾಭದ ದೊಡ್ಡ ಪಾಲನ್ನೇ ಕೈಬಿಟ್ಟಿವೆ.

ಲಾಭದ ಪ್ರಮಾಣವನ್ನೂ ಹೇಳಬೇಕು. ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರಿನಿಂದ ಎಲ್‌ಡಿಎಲ್ ಶೇ. 5ರಷ್ಟು ಇಳಿಯಬಹುದು, ಸಾಧಾರಣ ಪ್ರಮಾಣದ ಸ್ಟ್ಯಾಟಿನ್ ಮಾತ್ರೆಯಿಂದ ಶೇ. 30ಕ್ಕೂ ಹೆಚ್ಚು. ಹೃದಯಾಘಾತವಾದವರು ಮುದ್ದೆಯನ್ನು ನಂಬಿ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೆ ಎರವಾಗಬಹುದು.

ಇನ್ನು ಕೊಬ್ಬು. ಪರ್ಯಾಪ್ತ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಫ್ಯಾಟ್, ಯಕೃತ್ತಿನ ಆ ಗ್ರಾಹಕಗಳ ಕೆಲಸವನ್ನು ಮಂದಗೊಳಿಸುತ್ತದೆ. ಎಳ್ಳು, ಸೂರ್ಯಕಾಂತಿ ಮುಂತಾದ ಎಣ್ಣೆಗಳ ಅಪರ್ಯಾಪ್ತ ಕೊಬ್ಬಿನ ಪರಿಣಾಮ ಇದಕ್ಕೆ ವಿರುದ್ಧ. ಕುರಿ ಮೇಯುವ ಹುಲ್ಲಿನ ಕೊಬ್ಬು ಬಹುಪಾಲು ಅಪರ್ಯಾಪ್ತವೇ. ಆದರೆ ಅದರ ಮೊದಲ ಜಠರದಲ್ಲಿರುವ ಸೂಕ್ಷ್ಮಜೀವಿಗಳು ಅದಕ್ಕೆ ಹೈಡ್ರೋಜನ್ ಸೇರಿಸಿ ಪರ್ಯಾಪ್ತವಾಗಿಸುತ್ತವೆ. ಆರಿದ ಮಟನ್ ಸಾರಿನ ಮೇಲೆ ಕೊಬ್ಬು ಗಟ್ಟಿಯಾಗಿ ಕೆನೆಗಟ್ಟುವುದು ಅದಕ್ಕೇ. ಅದರಲ್ಲಿರುವ ಸ್ಟಿಯರಿಕ್ ಆಮ್ಲ ಅಷ್ಟು ಅಪಾಯಕಾರಿಯಲ್ಲ. ಪಾಲ್ಮಿಟಿಕ್ ಮತ್ತು ಮಿರಿಸ್ಟಿಕ್ ಆಮ್ಲಗಳು ಎಲ್‌ಡಿಎಲ್ ಏರಿಸುತ್ತವೆ. ಬಂಡೂರು ಮಾಂಸದ ರುಚಿಗೆ ಕಾರಣವೆನ್ನುವ ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹರಡಿರುವುದರಿಂದ ಕತ್ತರಿಸಿ ತೆಗೆಯುವುದೂ ಕಷ್ಟ. ತಿನ್ನುವ ಪ್ರಮಾಣವನ್ನೇ ಇಳಿಸಬೇಕು.

ವಡೆಯ ವಿಷಯದಲ್ಲಿ ಕೇಳಬೇಕಾದದ್ದು ಬಾಣಲೆಯಲ್ಲಿರುವುದು ಯಾವ ಎಣ್ಣೆ, ಎಷ್ಟು ಬಾರಿ ಕಾದದ್ದು ಎಂಬುದು. ವನಸ್ಪತಿಯ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು: ಎಲ್‌ಡಿಎಲ್ ಏರಿಸಿ, ಒಳ್ಳೆಯ ಕೊಲೆಸ್ಟರಾಲಾದ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಕೈಗಾರಿಕಾ ಟ್ರಾನ್ಸ್ ಕೊಬ್ಬಿಗೆ 2022ರಿಂದ ದೇಶದಲ್ಲಿ ಶೇ. 2ರ ಮಿತಿ ಇದೆ.

ಎಣ್ಣೆಗಳ ಬಗ್ಗೆ ನೆರೆಯ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ನಡೆದ ಇಲಿ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ತೆಂಗಿನೆಣ್ಣೆಯನ್ನಷ್ಟೇ ಉಂಡ ಇಲಿಗಳಿಗಿಂತ, ಅದಕ್ಕೆ ಎಳ್ಳೆಣ್ಣೆ ಅಥವಾ ಅಕ್ಕಿ ತೌಡಿನ ಎಣ್ಣೆ ಬೆರೆಸಿ ಉಂಡವುಗಳಲ್ಲಿ ಕೊಲೆಸ್ಟರಾಲ್ ಕಡಿಮೆ ಇತ್ತು. ತೌಡೆಣ್ಣೆಯಲ್ಲಿ ಒರೈಜನಾಲ್ ಎಂಬ, ಕೊಲೆಸ್ಟರಾಲ್ ತಗ್ಗಿಸುವ ಅಂಶವೂ ಇದೆ. ವಿಶ್ವೇಶ್ವರಯ್ಯ ನಾಲೆ ಮಂಡ್ಯಕ್ಕೆ ಭತ್ತವನ್ನು ತಂದಿತು, ಗಿರಣಿಗಳು ಅಕ್ಕಿಯನ್ನು ಬೆಳ್ಳಗೆ ಮಾಡಿದವು. ನಾರು, ಒರೈಜನಾಲ್ ಎರಡನ್ನೂ ಹೊತ್ತ ತೌಡು ಇಂದಿಗೂ ಹಸುವಿನ ಬಾನಿಗೆ ಹೋಗುತ್ತಿದೆ.