ದೀಪ ಉರೀತಿದೆ, ರಸ್ತೆ ಯಾಕೆ ಕಾಣ್ತಿಲ್ಲ?

ಇವತ್ತು ಬೀದಿದೀಪಕ್ಕಿಂತ ಹೆಚ್ಚಾಗಿ ಅದರ ಕೆಳಗಿರೋ ಡಾಂಬರಿನ ಬಗ್ಗೆ ಮಾತಾಡೋಣ.

ಅಹಮದಾಬಾದ್, ವಡೋದರಾ, ಸೂರತ್, ಯಾವ ಊರಲ್ಲಾದ್ರೂ ಸರಿ, ಮಳೆ ಬಿದ್ದ ರಾತ್ರಿ ಬೈಕ್ ಓಡಿಸಿದವರಿಗೆ ಇದು ಗೊತ್ತು. ಕಂಬದ ದೀಪಗಳೆಲ್ಲ ಉರೀತಿರುತ್ತವೆ, ಆದ್ರೆ ರಸ್ತೆ ಕಪ್ಪು. ದೀಪ ಮಂಕಾಗಿಲ್ಲ, ಬೆಳಕು ಬೇರೆ ಕಡೆ ಹೋಗ್ತಿದೆ.

ನಮ್ಮ ದೇಶದ ಮಾನಕ ಐಎಸ್ 1944 ಅತಿ ಮುಖ್ಯ ರಸ್ತೆಗೆ ಸರಾಸರಿ 30 ಲಕ್ಸ್, ಉಳಿದ ಮುಖ್ಯ ರಸ್ತೆಗೆ 15 ಲಕ್ಸ್ ಕೇಳುತ್ತೆ. ಲಕ್ಸ್ ಅಂದ್ರೆ ನೆಲಕ್ಕೆ ಬಿದ್ದ ಬೆಳಕು. ಕಣ್ಣಿಗೆ ಬೇಕಿರೋದು ನೆಲದಿಂದ ವಾಪಸ್ ಬಂದ ಬೆಳಕು. ಸವಾರ ನೋಡೋದು ಸುಮಾರು 60 ಮೀಟರ್ ಮುಂದಿನ ರಸ್ತೆಯನ್ನ, ಹೆಚ್ಚುಕಡಿಮೆ 1 ಡಿಗ್ರಿಯಷ್ಟು ಓರೆಯಾಗಿ. ಅಷ್ಟು ಓರೆಯಲ್ಲಿ ಮೇಲ್ಮೈ ಎಷ್ಟು ತರಿತರಿ ಅನ್ನೋದೇ ಎಲ್ಲಾ ತೀರ್ಮಾನ ಮಾಡುತ್ತೆ. (ಗೇಮ್ ಗ್ರಾಫಿಕ್ಸ್ ಮಾಡೋರು ‘ರಫ್‌ನೆಸ್’ ಸ್ಲೈಡರ್ ಎಳೀತಾರಲ್ಲ, ಅದೇ ಇದು.)

ಅಂತಾರಾಷ್ಟ್ರೀಯ ಬೆಳಕಿನ ಆಯೋಗ ಒಣ ರಸ್ತೆಗಳನ್ನ ಆರ್1ರಿಂದ ಆರ್4ರವರೆಗೆ ವಿಂಗಡಿಸಿದೆ. ಕಾಂಕ್ರೀಟ್ ಸಾಮಾನ್ಯವಾಗಿ ಆರ್1, ಅದರ ಹೊಳಪಿನ ಗುಣಾಂಕ 0.10. ಮಾಮೂಲಿ ಡಾಂಬರು ಆರ್3, 0.07. ಒರಟು ಲೆಕ್ಕದಲ್ಲಿ ಅದೇ 15 ಲಕ್ಸ್‌ಗೆ ಕಾಂಕ್ರೀಟ್ ಚದರ ಮೀಟರಿಗೆ 1.5 ಕ್ಯಾಂಡೆಲಾ ಕೊಟ್ರೆ, ಡಾಂಬರು ಕೊಡೋದು ಬರೀ 1 ಚಿಲ್ಲರೆ. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳು ರಾತ್ರಿ ಬೆಳ್ಳಗೆ ಕಾಣೋದು ಇದಕ್ಕೇ.

ಈಗ ಮಳೆ. ಜಲ್ಲಿಕಲ್ಲಿನ ಸಂದುಗಳು ನೀರಲ್ಲಿ ಮುಚ್ಚಿದ್ರೆ ರಸ್ತೆ ಕನ್ನಡಿ ಆಗುತ್ತೆ. ಎದುರಿನ ಕಂಬದ ಬೆಳಕು ಒಂದು ಉದ್ದ ಪಟ್ಟಿಯಾಗಿ ಕಣ್ಣಿಗೆ ಹೊಡೆಯುತ್ತೆ, ಎರಡು ಪಟ್ಟಿಗಳ ಮಧ್ಯೆ ಕತ್ತಲು. ನಿಮ್ಮ ಹೆಡ್‌ಲೈಟ್ ಬೆಳಕೂ ಮುಂದಕ್ಕೇ ಜಾರಿ ಎದುರಿನವನ ಕಣ್ಣು ಕುಕ್ಕುತ್ತೆ. ಇಲ್ಲೇ ಅಪಾಯ ಇರೋದು. ಬೀದಿದೀಪದಡಿ ನಮಗೆ ಮನುಷ್ಯ, ದನ ಎಲ್ಲಾ ಹೆಚ್ಚಾಗಿ ಕಾಣೋದು ಬೆಳಗಿದ ರಸ್ತೆಯ ಎದುರು ಕಪ್ಪು ಆಕೃತಿಯಾಗಿ. ಹಿನ್ನೆಲೆಯೇ ಕಪ್ಪಾದ್ರೆ, ಅಹಮದಾಬಾದಿನ ರಸ್ತೆ ಮಧ್ಯೆ ಮಲಗಿರೋ ಎಮ್ಮೆ ಕಾಣೋದು ತೀರಾ ಹತ್ತಿರ ಬಂದ ಮೇಲೇನೇ.

ತರಿ ಆಳವಾಗಿದ್ರೆ ಕಲ್ಲಿನ ತುದಿಗಳು ನೀರಿನ ಮೇಲೆ ಉಳೀತವೆ, ಬೆಳಕು ಚದುರುತ್ತೆ. ಅದನ್ನ ಅಳೆಯೋಕೆ ದುಬಾರಿ ಯಂತ್ರ ಬೇಡ. 50 ಮಿಲಿಲೀಟರ್ ಸಣ್ಣ ಮರಳನ್ನ ರಸ್ತೆ ಮೇಲೆ ದುಂಡಗೆ ಸವರಿ. ವೃತ್ತದ ವ್ಯಾಸ 25 ಸೆಂಟಿಮೀಟರ್‌ಗೆ ನಿಂತ್ರೆ ಸರಾಸರಿ ಆಳ ಸುಮಾರು 1 ಮಿಲಿಮೀಟರ್. 35ರವರೆಗೆ ಹರಡಿದ್ರೆ ಅರ್ಧ ಮಿಲಿಮೀಟರ್ ಅಷ್ಟೇ. ದೀಪ ಬದಲಿಸೋ ಟೆಂಡರ್ ಕರೆಯೋ ಮುಂಚೆ ಪಾಲಿಕೆಯವರು ಈ ಒಂದು ಹಿಡಿ ಮರಳಿನ ಪರೀಕ್ಷೆ ಮಾಡಿಸ್ಲಿ ಅನ್ನೋದು ನನ್ನ ವಾದ.