ಹದಿನಾರು ನಿಮಿಷದ ಕಲಿಕೆ

ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಕಾನ್ ಚಿತ್ರೋತ್ಸವದಲ್ಲಿ ‘ಲಾ ಸಿನೆಫ್’ ಎಂಬ ವಿಭಾಗವಿದೆ. 2024ರಲ್ಲಿ ಅದಕ್ಕೆ 555 ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ಕೆಯಾದ 18ರಲ್ಲಿ ಮೊದಲ ಬಹುಮಾನ ಪಡೆದದ್ದು ಕನ್ನಡದ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದಳು, ಹುಂಜ ಕೂಗದೆ ಊರಿಗೆ ಬೆಳಗೇ ಆಗಲಿಲ್ಲ ಎಂಬ ನಮ್ಮ ಜನಪದ ಕಥೆಯನ್ನು ಆಧರಿಸಿದ ಹದಿನಾರು ನಿಮಿಷದ ಚಿತ್ರ ಅದು. ಬಹುಮಾನವೂ, ನಿರ್ದೇಶಕ ಚಿದಾನಂದ ಎಸ್. ನಾಯ್ಕ್ ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದವರೆಂಬುದೂ ಆಗ ಸಾಕಷ್ಟು ಸುದ್ದಿಯಾದವು. ಆದರೆ ಚಿತ್ರ ತಯಾರಾದ ಕ್ರಮದ ಕಡೆಗೆ ಹೆಚ್ಚು ಜನ ನೋಡಲಿಲ್ಲ. ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿದೆ. ಅದರ ಕೊನೆಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ ಓದುವ ನಾಲ್ವರು ಸೇರಿ ಒಂದು ಚಿತ್ರ ಮಾಡಬೇಕು. ಈ ಚಿತ್ರ ಹಾಗೆ ಮಾಡಿದ್ದು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ವಿದ್ಯಾರ್ಥಿ ಚಿತ್ರದ ನಿಜವಾದ ಬೆಲೆ ಈ ಏರ್ಪಾಟಿನಲ್ಲಿದೆ ಎಂಬುದು ನನ್ನ ವಾದ. ಬಹುಮಾನ ಬಂದರೂ ಬಾರದಿದ್ದರೂ ಅದು ಕಲಿಸುವುದನ್ನು ತರಗತಿಯ ಪಾಠವಾಗಲೀ ಸೆಟ್ಟಿನ ದುಡಿಮೆಯಾಗಲೀ ಅಷ್ಟು ಬೇಗ ಕಲಿಸಲಾರದು.

ಕ್ಯಾಮೆರಾ ಹಿಡಿಯುವುದು, ಲೆನ್ಸ್ ಬದಲಿಸುವುದು, ಕಂಪ್ಯೂಟರಿನಲ್ಲಿ ದೃಶ್ಯ ಕತ್ತರಿಸಿ ಜೋಡಿಸುವುದು ಇವೆಲ್ಲ ಕೆಲವು ವಾರಗಳಲ್ಲಿ ಬರುವ ವಿದ್ಯೆಗಳು. ಬರಲು ಕಷ್ಟವಾದದ್ದು ತೀರ್ಮಾನ. ಬೆಳಗಾಗದ ಊರಿನ ಕಥೆಯನ್ನೇ ತೆಗೆದುಕೊಳ್ಳಿ. ಕಾಗದದ ಮೇಲೆ ‘ಊರೆಲ್ಲ ಕತ್ತಲು’ ಎಂದು ಬರೆದರೆ ಮುಗಿಯಿತು. ಚಿತ್ರೀಕರಣಕ್ಕೆ ಹೊರಟಾಗ ಆ ಎರಡು ಪದಗಳಿಂದ ಹತ್ತಾರು ಪ್ರಶ್ನೆಗಳು ಹುಟ್ಟುತ್ತವೆ. ಪ್ರೇಕ್ಷಕನಿಗೆ ಮುಖ ಕಾಣಬೇಕು, ಆದರೂ ಅದು ಕತ್ತಲೆಂದೇ ಅನ್ನಿಸಬೇಕು. ಹಾಗಾದರೆ ಬೆಳಕು ಬರುವುದು ಎಲ್ಲಿಂದ? ದೀಪದಿಂದಲೋ, ಬೆಂಕಿಯಿಂದಲೋ, ಬೆಳದಿಂಗಳೆಂದು ನಾವು ನಂಬಿಸುವ ಲೈಟಿನಿಂದಲೋ? ಎಂದೂ ಮುಗಿಯದ ರಾತ್ರಿಯನ್ನು ಸಾಮಾನ್ಯ ರಾತ್ರಿಯಿಂದ ಬೇರೆಯಾಗಿ ತೋರಿಸುವುದು ಹೇಗೆ? ಹುಂಜವಿಲ್ಲದ ಊರಿನ ಮೌನ ಕೇಳಿಸುವುದು ಹೇಗೆ? ಕೊನೆಯ ಪ್ರಶ್ನೆ ಶಬ್ದಗ್ರಾಹಕನದು, ಅದಕ್ಕಿಂತ ಹಿಂದಿನದು ಛಾಯಾಗ್ರಾಹಕನದು. ನಿರ್ದೇಶಕನೊಬ್ಬನೇ ಕೂತು ಎಲ್ಲಕ್ಕೂ ಉತ್ತರ ಕೊಡಲಾರ. ಉಳಿದ ಮೂವರೂ ಅವನ ಸರೀಕರು, ಅವರವರ ವಿದ್ಯೆಯ ಅಂಕವೂ ಅದೇ ಚಿತ್ರದ ಮೇಲೆ ನಿಂತಿದೆ. ‘ಹೀಗೆ ಬೇಕು’ ಎಂದರೆ ‘ಯಾಕೆ ಬೇಕು’ ಎಂದು ಕೇಳುವ ಹಕ್ಕು ಅವರಿಗಿದೆ. ಕಾರಣ ಹೇಳಲಾಗದ ನಿರ್ದೇಶಕ ಅಲ್ಲಿಯೇ ಸಿಕ್ಕಿಬೀಳುತ್ತಾನೆ. ತನ್ನ ಕಲ್ಪನೆಯನ್ನು ಇನ್ನೊಬ್ಬರ ಕೈಗೆ ಕೆಲಸವಾಗಿ ದಾಟಿಸುವ ಈ ಕಲೆಯೇ ನಿರ್ದೇಶನದ ಮುಕ್ಕಾಲು ಪಾಲು ಎಂದು ನಾನು ನಂಬಿದ್ದೇನೆ.

ಕಿರಿದಾದ ಅಳತೆಗೂ ಇದರಲ್ಲಿ ದೊಡ್ಡ ಪಾತ್ರವಿದೆ. ಫಿಲ್ಮಿನ ಕಾಲದಲ್ಲಿ ಆ ಅಳತೆಯನ್ನು ರೀಲೇ ಹೇರುತ್ತಿತ್ತು. 400 ಅಡಿಯ 35 ಎಂಎಂ ರೀಲು ನಾಲ್ಕೂವರೆ ನಿಮಿಷಕ್ಕೆ ಖಾಲಿ; 16 ಎಂಎಂ ಆದರೆ ಹನ್ನೊಂದು ನಿಮಿಷ. ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ಎಣಿಸಿ ಕೊಟ್ಟ ಕಚ್ಚಾ ಫಿಲ್ಮ್, ಹಾಗಾಗಿ ಕ್ಯಾಮೆರಾ ಓಡಿಸುವ ಮೊದಲೇ ಶಾಟ್ ತಲೆಯಲ್ಲಿ ಸಿದ್ಧವಾಗಿರಬೇಕಿತ್ತು. ಈಗ ಮೆಮೊರಿ ಕಾರ್ಡಿಗೆ ಅಂಥ ಹಂಗಿಲ್ಲ. ಒಂದೇ ಮಾತನ್ನು ಇಪ್ಪತ್ತು ಸಲ ಆಡಿಸಿ, ಮೂರು ಕಡೆಯಿಂದ ತೆಗೆದು, ಆಯ್ಕೆಯನ್ನು ಸಂಕಲನಕಾರನ ತಲೆಗೆ ಕಟ್ಟಬಹುದು. ಅದಕ್ಕೇ ನಾಲ್ಕು ದಿನದಂಥ ಗಡುವು ಇಂದು ಹೆಚ್ಚು ಮುಖ್ಯ. ಮಾಡುವ ಮುಂಚೆ ಯೋಚಿಸು ಎಂದು ರೀಲು ಕಲಿಸುತ್ತಿದ್ದುದನ್ನು ಈಗ ಕ್ಯಾಲೆಂಡರು ಕಲಿಸಬೇಕು. ಇನ್ನು ತಪ್ಪುಗಳ ಮಾತು. ಎರಡೂವರೆ ಗಂಟೆಯ ಚಿತ್ರದಲ್ಲಿ ಒಂದು ಸಡಿಲ ದೃಶ್ಯವನ್ನು ಮುಂದಿನ ಹಾಡೋ ಹೊಡೆದಾಟವೋ ಮರೆಸಿಬಿಡುತ್ತದೆ. ಹದಿನಾರು ನಿಮಿಷದಲ್ಲಿ ಒಂದು ನಿಮಿಷ ಎಳೆದರೂ ಪ್ರೇಕ್ಷಕ ಕೂತಲ್ಲೇ ಕದಲುತ್ತಾನೆ. ಮಾತಾಡುವವನನ್ನು ಮಾತ್ರ ತೆಗೆದು ಕೇಳಿಸಿಕೊಳ್ಳುವವನ ಮುಖವನ್ನು ಬಿಟ್ಟುಬಂದದ್ದು, ನೋಟದ ದಿಕ್ಕು ತಪ್ಪಿ ಎದುರುಬದುರು ಕೂತ ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುವುದು, ಯಾರೂ ಮಾತಾಡದಾಗಿನ ಆ ಜಾಗದ ಸದ್ದನ್ನು ಮುದ್ರಿಸಿಕೊಳ್ಳದೆ ಬಂದು ಸಂಭಾಷಣೆಗಳ ನಡುವೆ ಶಬ್ದ ತುಂಡುತುಂಡಾಗುವುದು, ಎಲ್ಲವೂ ಸಂಕಲನದ ಮೇಜಿನಲ್ಲಿ ಬಯಲಾಗುತ್ತವೆ. ಪಠ್ಯದಲ್ಲಿ ಇವಕ್ಕೆಲ್ಲ ನಿಯಮಗಳಿವೆ, ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಬಹುದು. ಆದರೆ ತಾನೇ ತೆಗೆದ ದೃಶ್ಯ ತನ್ನ ಕಣ್ಣೆದುರು ಕೂಡಿಕೊಳ್ಳದೆ ನಿಂತಾಗ ಅದೇ ನಿಯಮಕ್ಕೆ ಬರುವ ಅರ್ಥ ಬೇರೆ.

ಗಾಂಧಿನಗರದ ಹಳಬರು ಇದಕ್ಕೆ ಒಪ್ಪಲಿಕ್ಕಿಲ್ಲ. ಪುಟ್ಟಣ್ಣ ಕಣಗಾಲ್ ಯಾವ ಶಾಲೆಗೂ ಹೋಗದೆ, ಬಿ.ಆರ್. ಪಂತುಲು ಅವರ ಬಳಿ ದುಡಿದು ಕಲಿತವರಲ್ಲವೇ ಎಂದು ಅವರು ಕೇಳಿದರೆ ಅದು ತೂಕದ ಪ್ರಶ್ನೆಯೇ. ಸಹಾಯಕನಾಗಿ ದುಡಿದವನಿಗೆ ನೂರು ಜನರ ಸೆಟ್ಟನ್ನು ನಡೆಸುವುದು, ಹಿರಿಯ ಕಲಾವಿದರ ಜೊತೆ ಹೊಂದಿಕೊಳ್ಳುವುದು, ನಿರ್ಮಾಪಕನ ದುಡ್ಡಿನ ಲೆಕ್ಕ ಇವೆಲ್ಲ ದಕ್ಕುತ್ತವೆ. ಕಿರುಚಿತ್ರ ಇವನ್ನು ಕಲಿಸುವುದಿಲ್ಲ. ಆದರೆ ಸಹಾಯಕ ನೋಡುವುದು ಇನ್ನೊಬ್ಬರ ತೀರ್ಮಾನ ಹೇಗೆ ನೆರವೇರುತ್ತದೆ ಎಂಬುದನ್ನು. ಅವನ ಸ್ವಂತ ತೀರ್ಮಾನ ಪರದೆಯ ಮೇಲೆ ನಿಂತೀತೋ ಬಿದ್ದೀತೋ ಎಂದು ತಿಳಿಯಲು ಎಷ್ಟೋ ವರ್ಷ ಕಾಯಬೇಕು. ಕೆಲವರಿಗೆ ಆ ದಿನ ಬರುವುದೇ ಇಲ್ಲ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದೂ ಇಲ್ಲ. ಗಿರೀಶ ಕಾಸರವಳ್ಳಿ ಪುಣೆಯಲ್ಲಿ ಡಿಪ್ಲೊಮಾಕ್ಕಾಗಿ ‘ಅವಶೇಷ’ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದರು. 1977ರಲ್ಲಿ ‘ಘಟಶ್ರಾದ್ಧ’ ಬಂದು ಸ್ವರ್ಣಕಮಲ ಪಡೆದಾಗ ಅದು ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಅದರಲ್ಲಿ ಕಾಣುವ ಹಿಡಿತ ಹಠಾತ್ತನೆ ಬಂದದ್ದೆಂದು ಹೇಳಲಾಗದು.

ಕೈಯಲ್ಲಿ ಮೊಬೈಲಿದೆ, ಪಾಠಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ, ಶಾಲೆ ಯಾಕೆ ಎಂಬುದು ಹೊಸಬರ ಆಕ್ಷೇಪ. ಉಪಕರಣದ ಮಟ್ಟಿಗೆ ಅವರು ಹೇಳುವುದು ಪೂರ್ತಿ ಸರಿ, ಅದರಿಂದ ಸಣ್ಣ ಊರುಗಳ ಹುಡುಗ ಹುಡುಗಿಯರಿಗೆ ಬಾಗಿಲು ತೆರೆದಿರುವುದು ನಿಜಕ್ಕೂ ಸಂತೋಷದ ಸಂಗತಿ. ಮೊಬೈಲ್ ಕೊಡಲಾರದ್ದು ಗಡುವು, ಎದುರು ಮಾತಾಡುವ ಜೊತೆಗಾರರು ಮತ್ತು ಮುಲಾಜಿಲ್ಲದೆ ನೋಡುವ ಕಣ್ಣು. ಒಬ್ಬನೇ ಬರೆದು, ತೆಗೆದು, ಕತ್ತರಿಸಿ ಹಾಕಿದ ಚಿತ್ರಕ್ಕೆ ಸ್ನೇಹಿತರ ಮೆಚ್ಚುಗೆ ಬರುತ್ತದೆ, ಎಲ್ಲಿ ಸೋತಿತೆಂದು ಯಾರೂ ಹೇಳುವುದಿಲ್ಲ. ಇದಕ್ಕೆ ಪುಣೆಗೇ ಹೋಗಬೇಕಾಗಿಲ್ಲ. ನಾಲ್ವರು ಗೆಳೆಯರು ಕೆಲಸ ಹಂಚಿಕೊಂಡು, ದಿನ ನಿಗದಿ ಮಾಡಿಕೊಂಡು, ಬಲ್ಲವರೊಬ್ಬರನ್ನು ಕೂರಿಸಿ ತೋರಿಸಿದರೆ ಶಾಲೆಯ ತಿರುಳು ಅಲ್ಲೇ ಸಿಗುತ್ತದೆ. ಬಹುಮಾನದ ಆಸೆ ಕಲಿಕೆಯನ್ನು ಕೆಡಿಸುತ್ತದೆ ಎಂಬ ದೂರು ನನಗೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ. ಚಿತ್ರೋತ್ಸವಗಳಿಗೆ ಹಿಡಿಸುವ ಅಳತೆಯಲ್ಲಿ, ಅವಕಾಶ ಗಿಟ್ಟಿಸುವ ಮಾದರಿಯಾಗಿ ಚಿತ್ರ ಮಾಡಹೊರಟ ವಿದ್ಯಾರ್ಥಿ ಗೊತ್ತಿದ್ದುದನ್ನೇ ಮತ್ತೆ ಮಾಡುತ್ತಾನೆ, ಬಾರದ್ದನ್ನು ಮುಟ್ಟುವುದಿಲ್ಲ. ಶಾಲೆಗಳು ಎಡವಿದ ಚಿತ್ರಕ್ಕೂ ಜಾಗ ಕೊಟ್ಟರೆ ಮಾತ್ರ ಈ ಭಯ ಹೋದೀತು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಪುಣೆಯ ಸಂಸ್ಥೆ ಶುರುವಾದದ್ದು 1960ರಲ್ಲಿ. ಅದಕ್ಕೂ ಮೊದಲೇ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿಸುತ್ತಿದ್ದರು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅಲ್ಲಿ ಕಲಿತವರು, ಗೋವಿಂದ ನಿಹಲಾನಿ ಕೂಡ. ಅದರ ಮುಂದುವರಿಕೆಯಾದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಹೆಸರಘಟ್ಟದಲ್ಲಿದೆ. ಪತ್ರಿಕೋದ್ಯಮ ವಿಭಾಗವಿರುವ ಕಾಲೇಜುಗಳಲ್ಲೂ ಕಿರುಚಿತ್ರವನ್ನು ಪ್ರಾಜೆಕ್ಟ್ ಎಂದು ಕೊಡುವ ರೂಢಿ ಬಂದಿದೆ. ಆದರೆ ಇಡೀ ತರಗತಿಗೆ ಒಂದೇ ಚಿತ್ರ ಕೊಟ್ಟರೆ ಇಬ್ಬರು ದುಡಿದು ಉಳಿದವರು ಹೆಸರು ಹಾಕಿಸಿಕೊಳ್ಳುತ್ತಾರೆ. ನಾಲ್ವರಂತೆ ತಂಡ ಕಟ್ಟಿ, ಪ್ರತಿಯೊಬ್ಬರಿಗೂ ಅವರ ವಿಭಾಗದ ಕೆಲಸಕ್ಕೆ ಬೇರೆಯಾಗಿ ಅಂಕ ಕೊಡಬಹುದು. ಕರಡು ಸಂಕಲನವನ್ನು ಎಲ್ಲರೆದುರು ತೋರಿಸಿ, ಬಂದ ಮಾತುಗಳನ್ನು ಕೇಳಿದ ಮೇಲೆ ಒಂದು ದಿನದ ಮರುಚಿತ್ರೀಕರಣಕ್ಕೆ ಬಿಡಬಹುದು. ಆ ಒಂದು ದಿನ ಬಹಳ ಮುಖ್ಯ. ಮೊದಲ ಸಲ ಬಿಟ್ಟುಬಂದ ಶಾಟ್ ಯಾವುದೆಂದು ಆಗ ತಂಡದ ನಾಲ್ವರಿಗೂ ಗೊತ್ತಿರುತ್ತದೆ.